ವಿಲಾಸಿನಿ ಕೇಳದೆ ಬರೆದ ಮೂರು ಪದ

ತೃಶ್ಶೂರಿನ ಹತ್ತಿರದ ನಮ್ಮ ಊರಿನಲ್ಲಿ ನೋಂದಣಿ ಕಚೇರಿಯ ಎದುರಿಗೆ ಉದ್ದನೆಯ ಒಂದು ಹಂಚಿನ ಜಗಲಿಯಿದೆ. ಅದರ ಮೇಲೆ ಆಸ್ತಿಪತ್ರ ಬರೆಯುವವರ ಏಳು ಮೇಜುಗಳು. ಆರರಲ್ಲಿ ಗಂಡಸರು ಕೂರುತ್ತಿದ್ದರು, ತುದಿಯ ಒಂದರಲ್ಲಿ ವಿಲಾಸಿನಿ.

ಅವಳು ಆ ಜಗಲಿ ಹತ್ತಿದಾಗ ಹತ್ತೊಂಬತ್ತು ವರ್ಷ. ಅಪ್ಪ ತೆಂಗಿನ ನಾರಿನ ಕೂಲಿ. ಕಾಲೇಜಿಗೆ ಕಳಿಸುವ ತ್ರಾಣ ಮನೆಯಲ್ಲಿ ಇರಲಿಲ್ಲ, ಆದರೆ ಮಗಳ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಹಳೇ ಕಾಲದ ಪತ್ರ ಬರಹಗಾರ ರಾಘವ ಪಣಿಕ್ಕರ್ ಆ ಅಕ್ಷರ ನೋಡಿ ನಕಲು ಬರೆಯಲು ಕರೆದುಕೊಂಡರು. ಮೊದಲ ದಿನವೇ ಅವರು ಹೇಳಿಕೊಟ್ಟದ್ದು ಸರ್ವೆ ನಂಬರಿನ ವಿಷಯವಲ್ಲ.

“ಮೋಳೆ, ಇಲ್ಲಿಗೆ ಬರೋ ಜನ ಮನೆಯೊಳಗಿನ ಜಗಳಾನ ಹೇಗೋ ಮಲಗಿಸಿ ಬಂದಿರ್ತಾರೆ. ನೀನು ಕೇಳಿದ್ರೆ ಅದು ಎದ್ದು ಕೂತ್ಕೊಳ್ಳುತ್ತೆ. ಹೇಳಿದ್ದನ್ನ ಬರಿ. ಹೇಳದೇ ಇದ್ದದ್ದು ನಿನಗೆ ಕೇಳಿಸಲೇ ಇಲ್ಲ ಅಂದ್ಕೋ.”

ಮಗಳೇ ಎಂದು ಕರೆದು ಹೇಳಿದ ಆ ಮಾತನ್ನು ವಿಲಾಸಿನಿ ಮೂವತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದಳು. ಪಣಿಕ್ಕರ್ ತೀರಿಕೊಂಡ ಮೇಲೆ ಅವರ ಮೇಜು ಅವಳದಾಯಿತು. ಲೈಸೆನ್ಸೂ ಬಂತು. ಮದುವೆ ಕೂಡಿಬರಲಿಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡು, ಅಮ್ಮ ಹೋದ ಮೇಲೆ ಒಬ್ಬಳೇ ಇದ್ದಳು. ಅವಳು ಬರೆದ ಪತ್ರದಲ್ಲಿ ಗಡಿ ತಪ್ಪುತ್ತಿರಲಿಲ್ಲ, ಹೆಸರು ತಪ್ಪುತ್ತಿರಲಿಲ್ಲ. ತಿದ್ದುಪಡಿ ಪತ್ರ ಬೇಕಾದ ಪ್ರಸಂಗ ಒಂದೂ ಬಂದಿರಲಿಲ್ಲ ಎಂಬುದು ಅವಳಿಗೆ ಒಳಗೊಳಗೇ ಒಂದು ಹೆಮ್ಮೆ.

ಹೀಗಿರುವಾಗ ಒಂದು ವರ್ಷ ಓಣಂ ಮುಗಿದ ವಾರ ಲೋನಪ್ಪನ್ ಬಂದ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಮಣ್ಣು ತುಳಿದು ನಿವೃತ್ತನಾದವನು. ಹೆಂಡತಿ ಸತ್ತು ಒಂದು ವರ್ಷವಾಗಿತ್ತು. ಗಂಜಿ ಹಾಕಿದ ಬಿಳಿ ಮುಂಡು ಉಟ್ಟು ಮಗ ಡೇವಿಸನ ಕಾರಿನಲ್ಲಿ ಬಂದಿಳಿದ. ಕಾರಿನ ಹಿಂದಿನ ಸೀಟಿನಲ್ಲಿ ಮಗಳು ರೋಸಿಲಿ ಕೂತಿದ್ದಳು. ಮೂವತ್ತಮೂರು ವರ್ಷದವಳು. ಹುಟ್ಟಿನಿಂದಲೇ ಅವಳ ಬುದ್ಧಿಯ ಬೆಳವಣಿಗೆ ನಿಧಾನ, ಮಾತೂ ಕಡಿಮೆ. ಇಂಥವರಿಗಾಗಿ ಪಂಚಾಯಿತಿ ನಡೆಸುವ ಹಗಲು ಕೇಂದ್ರಕ್ಕೆ ಹೋಗಿ ಔಷಧದ ಅಂಗಡಿಗಳಿಗೆ ಕಾಗದದ ಲಕೋಟೆ ಅಂಟಿಸುತ್ತಿದ್ದಳು. ಅವಳು ಅಂಟಿಸಿದ ಲಕೋಟೆ ಎಂದೂ ಬಾಯಿ ಬಿಡುತ್ತಿರಲಿಲ್ಲ ಎಂದು ಅಂಗಡಿಯವರು ಹೇಳುತ್ತಿದ್ದರು.

“ಇಪ್ಪತ್ತೆಂಟು ಸೆಂಟ್ ಜಾಗ, ಅದರ ಮೇಲಿನ ಮನೆ. ಎಲ್ಲಾ ಡೇವಿಸ್ ಹೆಸರಿಗೆ ಬರಿ ಮೋಳೆ,” ಅಂದ ಲೋನಪ್ಪನ್. “ನನಗೂ ವಯಸ್ಸಾಯ್ತು. ನಾನು, ಇವಳು, ಇಬ್ಬರೂ ಇವನ ಜೊತೆ ಇರ್ತೀವಿ.”

ವಿಲಾಸಿನಿ ಕಾರಿನ ಕಡೆ ನೋಡಿದಳು. ಕೇಳಬಾರದ್ದನ್ನು ಕೇಳುವ ಅಭ್ಯಾಸವಿಲ್ಲದಿದ್ದರೂ ಆ ದಿನ ಬಾಯಿಗೆ ಬಂತು, ಅಣ್ಣ ಎಂದು ಕರೆದು ಕೇಳಿದಳು.

“ರೋಸಿಲಿಗೆ ಅಂತ ಏನಾದ್ರೂ ಒಂದು ಸಾಲು ಹಾಕ್ಬೇಕಾ, ಲೋನಪ್ಪೇಟ?”

ಡೇವಿಸ್ ನಕ್ಕ. ಕೆಟ್ಟ ನಗುವಲ್ಲ, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದವನು. “ಚೇಚಿ, ನನ್ನ ಸ್ವಂತ ತಂಗೀನ ನೋಡ್ಕೊಳ್ಳೋಕೆ ನಂಗೆ ಸರ್ಕಾರದ ಮುದ್ರೆ ಬೇಕಾ?”

ಲೋನಪ್ಪನ್‌ಗೆ ನಾಚಿಕೆಯಾದ ಹಾಗಾಯಿತು. “ಬೇಡ ಬೇಡ. ಹೊಟ್ಟೇಲಿ ಹುಟ್ಟಿದ ಮಗನ ಹತ್ರ ಕರಾರು ಬರೆಸ್ಕೊಂಡೆ ಅಂದ್ರೆ ಚರ್ಚಲ್ಲಿ ನಾಲ್ಕು ಜನ ಏನಂದಾರು.”

ವಿಲಾಸಿನಿ ಹಸಿರು ಕಾಗದ ಎಳೆದುಕೊಂಡು ದಾನಪತ್ರ ಬರೆದಳು. ಪ್ರೀತಿ ವಾತ್ಸಲ್ಯದ ಕಾರಣದಿಂದ, ಯಾವ ಷರತ್ತೂ ಇಲ್ಲದೆ, ಎಂದು ವಾಡಿಕೆಯ ಮಾತು ಹಾಕಿದಳು. ಅವಳ ಕೈ ತಾನಾಗಿಯೇ ಬರೆಯುವ ಮಾತು ಅದು. ಊಟದ ಹೊತ್ತಿಗೆ ನೋಂದಣಿ ಮುಗಿಯಿತು. ಲೋನಪ್ಪನ್ ಖುಷಿಯಲ್ಲಿ ಜಗಲಿಯ ಎಲ್ಲರಿಗೂ ಪಳಂಪೊರಿ, ಚಾಯ ಕೊಡಿಸಿದ. ರೋಸಿಲಿ ಬಾಳೆಹಣ್ಣಿನ ಆ ಬಿಸಿ ಕರಿದ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನಲ್ಲೇ ಕೂತು ತಿಂದಳು.

ಮೂರು ವರ್ಷ ಕಳೆದವು. ಒಂದು ದಿನ ಲೋನಪ್ಪನ್ ಬಸ್ಸಿನಲ್ಲಿ, ಒಬ್ಬನೇ ಬಂದ. ಮುಂಡಿಗೆ ಗಂಜಿ ಇರಲಿಲ್ಲ. ಬೆಂಚಿನ ಮೇಲೆ ಕೂತು ಮುಂಡಿನ ತುದಿಯಿಂದ ಮುಖ ಒರೆಸಿಕೊಂಡ.

“ಏನಾಯ್ತು ಲೋನಪ್ಪೇಟ?”

“ಆ ಪತ್ರಾನ ವಾಪಸ್ ಬರೆಯೋಕೆ ಆಗುತ್ತಾ, ಮೋಳೆ?”

ಸ್ವಲ್ಪ ಸ್ವಲ್ಪವಾಗಿ ವಿಷಯ ಹೊರಬಂತು. ಡೇವಿಸ್ ತೃಶ್ಶೂರು ಪೇಟೆಯಲ್ಲಿ ಫ್ಲ್ಯಾಟು ಮಾಡಿದ. ಅಪ್ಪನನ್ನೂ ತಂಗಿಯನ್ನೂ ಅಲ್ಲಿಗೇ ಕರೆದುಕೊಂಡು ಹೋದ. ಅವನ ಹೆಂಡತಿ ಜಿನ್ಸಿಗೆ ಅವಳಿ ಮಕ್ಕಳಾದವು. ಅದಾಗಿ ಮೂರು ತಿಂಗಳಿಗೆ ರೋಸಿಲಿಯನ್ನು ಚಾಲಕ್ಕುಡಿಯ ಆಚೆ ಕನ್ಯಾಸ್ತ್ರೀಯರು ನಡೆಸುವ ಒಂದು ಆಶ್ರಮದಲ್ಲಿ ಬಿಟ್ಟರು. ಊರಿನ ಮನೆಗೆ ಬೀಗ. ಈಗ ಅದನ್ನು ಮಾರುವ ಮಾತು ನಡೆದಿದೆ. ಲೋನಪ್ಪನ್ ಮಾತ್ರ ಮಗನ ಫ್ಲ್ಯಾಟಿನಲ್ಲೇ ಉಳಿದಿದ್ದ.

“ಆ ಸಿಸ್ಟರುಗಳು ಒಳ್ಳೆಯವ್ರು,” ಅಂದ ಲೋನಪ್ಪನ್. “ಬೈಯಲ್ಲ, ಹೊಡೆಯಲ್ಲ. ಊಟ ನಮ್ಮನೇದಕ್ಕಿಂತ ಚೆನ್ನಾಗಿದೆ. ಆದ್ರೆ ಅವಳು ಮಾತಾಡೋದು ಬಿಟ್ಟಿದ್ದಾಳೆ. ನನ್ನ ನೋಡಿದ್ರೆ ಚಪ್ಪಲಿ ಹಾಕ್ಕೊಂಡು ಬಂದು ನಿಲ್ತಾಳೆ. ನಾನು ಒಬ್ಬನೇ ಹೊರಟು ಬರ್ತೀನಿ.”

ಮುದುಕರು ತಮ್ಮ ಆಸ್ತಿ ಕೊಟ್ಟು ಕೈ ಬರಿದಾದರೆ ದೂರು ಕೊಡಲು ಒಂದು ಕಾನೂನು ಇದೆ, ಅದಕ್ಕೊಂದು ನ್ಯಾಯಮಂಡಳಿ ಇದೆ ಎಂಬುದು ವಿಲಾಸಿನಿಗೆ ಗೊತ್ತಿತ್ತು. ಯಾರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ ಅಷ್ಟೆ. ಮರುವಾರ ಮೇಜು ಮುಚ್ಚಿ ಲೋನಪ್ಪನ್ ಜೊತೆ ಹೊರಟಳು.

ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವನು, ತಾಳ್ಮೆಯವನು. ದಾನಪತ್ರದ ನಕಲನ್ನು ಮೊದಲಿಂದ ಕೊನೆಯವರೆಗೆ ಓದಿ, ಒಂದು ಕಡೆ ಬೆರಳಿಟ್ಟ.

“ಇಲ್ಲಿ ‘ಯಾವ ಷರತ್ತೂ ಇಲ್ಲದೆ’ ಅಂತಿದೆ ನೋಡಿ. ನನ್ನನ್ನ ನೋಡಿಕೊಳ್ಳಬೇಕು ಅನ್ನೋ ಒಂದು ಮಾತು ಇದ್ದಿದ್ರೆ, ಅವ್ರು ನೋಡಿಕೊಳ್ಳಲಿಲ್ಲ ಅಂತ ಈ ಪತ್ರಾನೇ ರದ್ದು ಮಾಡೋಕೆ ನನಗೆ ದಾರಿ ಇರ್ತಿತ್ತು. ಈಗ ಮಗನಿಂದ ತಿಂಗಳ ಖರ್ಚು ಕೊಡಿಸ್ಬಹುದು. ಜಾಗ ಮಾತ್ರ ಆಗಲ್ಲ. ಇದನ್ನ ಬರೆದವ್ರು ಯಾರು?”

“ನಾನೇ ಸಾರ್ ಹೇಳಿ ಬರೆಸಿದ್ದು,” ಅಂದ ಲೋನಪ್ಪನ್, ಥಟ್ಟನೆ.

“ಬರೆದದ್ದು ನಾನು,” ಅಂದಳು ವಿಲಾಸಿನಿ. “ಆ ಮೂರು ಪದ ಇವ್ರು ಹೇಳಿದ್ದಲ್ಲ. ನಾನೇ ಹಾಕಿದ್ದು.”

ಅಧಿಕಾರಿ ಅವಳನ್ನು ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು ಎಂದು ಅವಳು ಎಷ್ಟೋ ಕಾಲ ಅಂದುಕೊಳ್ಳುತ್ತಿದ್ದಳು. ಅವನು ಕಾಗದ ಮಡಚುತ್ತ ಇನ್ನೊಂದು ಪ್ರಶ್ನೆ ಕೇಳಿದ.

“ಮಗಳಿಗೆ ಪಾಲಕರು ಯಾರು?”

“ನಾನು. ಅವಳ ಅಪ್ಪ,” ಅಂದ ಲೋನಪ್ಪನ್.

“ಕಾಗದದಲ್ಲಿ?”

ಲೋನಪ್ಪನ್‌ಗೆ ಅರ್ಥವಾಗಲಿಲ್ಲ. ಅಧಿಕಾರಿ ಬಿಡಿಸಿ ಹೇಳಿದ. “ಹದಿನೆಂಟು ವರ್ಷ ದಾಟಿದ ಮೇಲೆ ಅಪ್ಪ ಅಮ್ಮ ತಾವಾಗೇ ಪಾಲಕರಾಗಿ ಉಳಿಯಲ್ಲ, ಅಪ್ಪಾ. ಮಗಳು ಹೀಗಿದ್ರೂ ಅಷ್ಟೇ. ನಾಳೆ ಅವಳಿಗೆ ಆಪರೇಷನ್ ಆಗ್ಬೇಕು, ಬ್ಯಾಂಕಲ್ಲಿ ಸಹಿ ಬೇಕು ಅಂದ್ರೆ ನೀವು ಅಂತ ಹೇಳೋಕೆ ಒಂದು ಚೀಟಿಯೂ ಇಲ್ಲ. ಜಿಲ್ಲಾಧಿಕಾರಿಗಳ ಸಮಿತಿ ಇದೆ, ಅಲ್ಲಿ ಅರ್ಜಿ ಹಾಕಿ. ನೀವಿರೋವಾಗ್ಲೇ ಹಾಕಿ.”

ಮಗನ ಮೇಲೆ ತಿಂಗಳ ಖರ್ಚಿನ ಆದೇಶ ಬೇಡವೆಂದು ಲೋನಪ್ಪನ್ ಹೇಳಿಬಿಟ್ಟ. ಹಿಂದಿರುಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ವಿಲಾಸಿನಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳನ್ನು ಹೇಗೆ ಸಮಾಧಾನ ಮಾಡುವುದೆಂದು ಮುದುಕನಿಗೆ ತೋಚಲಿಲ್ಲ.

“ಅಕ್ಷರ ಮಾತ್ರ ತುಂಬಾ ಚೆನ್ನಾಗಿತ್ತು ಮೋಳೆ,” ಅಂದ ಕೊನೆಗೆ. “ಆ ಆಫೀಸರೂ ಒಂದ್ಸಲಾನೂ ತಡವರಿಸದೆ ಓದಿದ್ರು.”

ಆ ಮಾತು ಅವಳಿಗೆ ಚುಚ್ಚಿದ ಹಾಗೆ ಬೇರೆ ಯಾವುದೂ ಚುಚ್ಚಲಿಲ್ಲ.

ಆಮೇಲಿನ ಒಂದು ತಿಂಗಳು ವಿಲಾಸಿನಿ ಬುಧವಾರ ಬುಧವಾರ ತೃಶ್ಶೂರಿಗೆ ಹೋಗಿಬಂದಳು. ಇಂಥ ಮಕ್ಕಳ ತಂದೆತಾಯಿಗಳು ಸೇರಿ ನಡೆಸುವ ಒಂದು ಸಂಘದ ಕಚೇರಿಯಲ್ಲಿ ಕೂತು, ಅರ್ಜಿ ಹೇಗೆ, ವೈದ್ಯರ ಪ್ರಮಾಣಪತ್ರ ಎಲ್ಲಿ, ಪಾಲಕರಾಗುವವರ ಒಪ್ಪಿಗೆ ಪತ್ರ ಯಾವ ನಮೂನೆಯಲ್ಲಿ ಎಂದೆಲ್ಲ ಬರೆದುಕೊಂಡಳು. ಪಕ್ಕದ ಮೇಜಿನ ಮೊಯ್ದೂಟ್ಟಿ ಇದನ್ನು ನೋಡುತ್ತಿದ್ದ. ಮೂವತ್ತು ವರ್ಷದಿಂದ ಅವಳನ್ನು ರೇಗಿಸುವುದು ಅವನಿಗೆ ಊಟದಷ್ಟೇ ರೂಢಿ.

“ಏನು ವಿಲಾಸಿನಿ, ಈ ವಯಸ್ಸಲ್ಲಿ ವಕೀಲಿ ಓದ್ತಿದ್ದೀಯಾ? ಕೋಟು ಹೊಲಿಸೋಕೆ ಕೊಟ್ಟಾಯ್ತಾ?”

“ಇಲ್ಲ. ಬರೆಯೋದು ಕಲೀತಿದ್ದೀನಿ,” ಅಂದಳು.

ಮೊಯ್ದೂಟ್ಟಿ ತನ್ನ ಹಾಳೆಯ ಕಡೆ ತಿರುಗಿದ.

ಅರ್ಜಿಯಲ್ಲಿ ಯಾರ ಹೆಸರು ಹಾಕುವುದು ಎಂಬಲ್ಲಿಗೆ ಬಂದು ನಿಂತಿತು. ತನ್ನದೇ ಹಾಕಿಕೊಂಡರೆ ಎಷ್ಟು ವರ್ಷದ ಮಾತು ಎಂದು ಲೋನಪ್ಪನ್‌ಗೆ ಗೊತ್ತಿತ್ತು. ಆಗಲೇ ಎಪ್ಪತ್ತೇಳು. ಡೇವಿಸನ ಹೆಸರು ಹಾಕು, ಎಷ್ಟಾದರೂ ರಕ್ತ, ಅಂದ. ವಿಲಾಸಿನಿ ಹಾಳೆಯ ಮೇಲೆ ಪೆನ್ನಿಟ್ಟಳು, ಬರೆಯಲಿಲ್ಲ.

“ರೋಸಿಲೀನ ಒಂದ್ಸಲ ನೋಡ್ಕೊಂಡು ಬರೋಣ,” ಅಂದಳು.

ಆಶ್ರಮದ ವರಾಂಡದಲ್ಲಿ ರೋಸಿಲಿ ಬಂದು ಪಕ್ಕದಲ್ಲಿ ಕೂತಳು. ಚಪ್ಪಲಿ ಹಾಕಿಕೊಂಡೇ ಬಂದಿದ್ದಳು. ಅವಳ ಜೊತೆ ಏನು ಮಾತಾಡಬೇಕೆಂದು ವಿಲಾಸಿನಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಆವರೆಗೆ ಅವಳನ್ನು ಒಂದು ಮಾತು ಆಡಿಸಿದ್ದೇ ಇಲ್ಲ. ಮೂರು ವರ್ಷದ ಕೆಳಗೆ ಆ ಸಾಲಿನ ಪ್ರಶ್ನೆಯನ್ನೂ ಅಪ್ಪನನ್ನು ಕೇಳಿದ್ದಳೇ ಹೊರತು ಕಾರಿನ ಹತ್ತಿರ ಹೋಗಿರಲಿಲ್ಲ. ರೋಸಿಲಿ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ತೆಗೆದಳು, ಹಾಕಿದಳು. ಅರ್ಧ ಗಂಟೆ ಇಬ್ಬರೂ ಹಾಗೇ ಕೂತರು. ಹೊರಡುವಾಗ ರೋಸಿಲಿ ಗೇಟಿನ ಸರಳು ಹಿಡಿದು ಒಂದೇ ಮಾತು ಅಂದಳು.

“ಸರಸೇಚಿ.”

ಲೋನಪ್ಪನ್ ಕಣ್ಣೊರೆಸಿಕೊಂಡ. ನಾಲ್ಕು ತಿಂಗಳಲ್ಲಿ ಅವನು ಕೇಳಿದ ಮೊದಲ ಮಾತು ಅದು.

ಸರಸು ಅವರ ಊರಿನ ಮನೆಯ ಬೇಲಿಯಾಚೆಯ ವಿಧವೆ. ಹಗಲು ಕೇಂದ್ರದಲ್ಲಿ ಆಯಾ. ಹನ್ನೊಂದು ವರ್ಷ ಪ್ರತಿದಿನ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ರೋಸಿಲಿಯನ್ನು ಕೈಹಿಡಿದು ಹತ್ತಿಸಿಕೊಂಡು ಹೋಗಿ ಸಂಜೆ ಕರೆತರುತ್ತಿದ್ದವಳು. ವಿಲಾಸಿನಿ ಅವಳ ಮನೆಗೆ ಹೋದಾಗ ಮೀನು ತೊಳೆಯುತ್ತಿದ್ದಳು. ವಿಷಯ ಕೇಳಿ ಕೈ ಹಾಗೇ ನಿಂತಿತು.

“ನಾನಾ? ನಾನು ಏಳನೇ ಕ್ಲಾಸು ಚೇಚಿ. ಅವರು ಕ್ರಿಶ್ಚಿಯನ್ನರು, ನಾವು ಬೇರೆ. ಸಂಬಂಧವೂ ಅಲ್ಲ.”

“ಸಂಬಂಧವೇ ಆಗ್ಬೇಕು ಅಂತಿಲ್ಲ. ಅಪ್ಪ ಅರ್ಜಿ ಹಾಕಿ, ಇಂಥವ್ರು ಆಗ್ಲಿ ಅಂತ ಹೇಳ್ಬಹುದು. ನೀನು ಒಪ್ಬೇಕು. ಸಮಿತಿಯವ್ರು ಒಪ್ಬೇಕು.”

“ಊರವ್ರು ಏನಂತಾರೆ ಗೊತ್ತಾ? ಆ ಹುಡುಗಿ ಜಾಗದ ಮೇಲೆ ಕಣ್ಣು ಹಾಕಿದ್ಲು ಸರಸು ಅಂತಾರೆ.”

“ಆ ಭಯ ಬೇಡ,” ಅಂದಳು ವಿಲಾಸಿನಿ. “ಅವಳಿಗೆ ಜಾಗವೇ ಇಲ್ಲದ ಹಾಗೆ ನಾನು ಆಗ್ಲೇ ಬರೆದಿಟ್ಟಿದ್ದೀನಿ.”

ಸರಸು ಮೊದಲು ನಕ್ಕಳು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದಳು. ಎರಡು ದಿನ ಯೋಚನೆ ಮಾಡ್ತೀನಿ ಅಂದಳು. ಮೂರನೇ ದಿನ ಜಗಲಿಗೆ ಬಂದು ಸಹಿ ಹಾಕಿದಳು.

ಸಮಿತಿಯ ನೋಟಿಸು ಡೇವಿಸನಿಗೆ ಹೋದ ಮಾರನೇ ಬೆಳಿಗ್ಗೆ ಅವನು ಜಗಲಿಗೆ ಬಂದ. ಕಾರಿನ ಬಾಗಿಲು ಹಾಕಿದ ಸದ್ದಿಗೇ ಏಳೂ ಮೇಜಿನವರು ತಲೆಯೆತ್ತಿದರು.

“ನಮ್ಮ ಮನೆ ವಿಷಯಾನ ಕಲೆಕ್ಟರ್ ತನಕ ತಗೊಂಡು ಹೋದ್ರಲ್ಲ ಚೇಚಿ. ಯಾರು ಹೇಳಿದ್ರು ನಿಮಗೆ? ಬೇಲಿಯಾಚೆಯವಳು ನನ್ನ ತಂಗಿಗೆ ಪಾಲಕಿ, ನಾನು ಯಾರು ಹಾಗಾದ್ರೆ?”

“ಕೂತ್ಕೋ ಡೇವಿಸ್.”

“ಕೂರೋಕೆ ಬಂದಿಲ್ಲ.”

“ಹಾಗಾದ್ರೆ ನಿಂತೇ ಕೇಳು. ನಿನ್ನ ದಾನಪತ್ರದಲ್ಲಿ ಯಾವ ಷರತ್ತೂ ಇಲ್ಲದೆ ಅಂತಿದೆ. ಅದನ್ನ ಅಪ್ಪ ಹೇಳಿರಲಿಲ್ಲ, ನೀನೂ ಹೇಳಿರಲಿಲ್ಲ. ನಾನೇ ಬರೆದೆ, ಕೈಗೆ ರೂಢಿ ಅಂತ. ಆ ತಪ್ಪಿಗೆ ನಾನು ಓಡಾಡ್ತಿದ್ದೀನಿ. ನಿನ್ನ ಮೇಲೆ ದೂರು ಹೇಳೋಕಲ್ಲ.”

ಡೇವಿಸ್ ಬೆಂಚಿನ ತುದಿಯಲ್ಲಿ ಕೂತ. ದನಿ ಇಳಿದಿತ್ತು.

“ಜಿನ್ಸಿ ಕೆಟ್ಟವಳಲ್ಲ ಚೇಚಿ. ಮೂರು ತಿಂಗಳು ನೋಡ್ಕೊಂಡ್ಲು. ಕಂಕುಳಲ್ಲಿ ಎರಡು ಹಸುಗೂಸು. ರೋಸಿಲಿ ಬೆಳಿಗ್ಗೆ ಬಾಗಿಲು ತೆಕ್ಕೊಂಡು ದೊಡ್ಡ ರಸ್ತೆಗೆ ಹೋಗೋಳು. ಎರಡು ಸಲ ಲಾರಿಗೆ ಸಿಕ್ಕೋದು ತಪ್ಪಿತು. ಬೀಗ ಹಾಕಿದ್ರೆ ಬಾಗಿಲ ಹತ್ರ ಕೂತು ಅಳೋಳು. ಬಸ್ ಸ್ಟಾಪ್ ಹುಡುಕ್ತಿದ್ಲು ಅಂತ ನನಗೆ ಆಮೇಲೆ ಹೊಳೀತು. ನಾನು ಏನು ಮಾಡ್ಬೇಕಿತ್ತು, ನೀವೇ ಹೇಳಿ.”

ಜಾಗ ಬರೆಸಿಕೊಂಡು ತಂಗಿಯನ್ನು ಹೊರಗೆ ತಳ್ಳಿದ ಅಣ್ಣ ಎಂದು ವಿಲಾಸಿನಿ ಮನಸ್ಸಿನಲ್ಲಿ ಒಂದು ಚಿತ್ರ ಬರೆದಿಟ್ಟುಕೊಂಡಿದ್ದಳು. ಎದುರಿಗೆ ಕೂತವನು ಅದಕ್ಕೆ ಹೊಂದುತ್ತಿರಲಿಲ್ಲ. ಇಂಥ ಮನೆಗಳಲ್ಲಿ ಎಲ್ಲರೂ ಸೋತವರೇ ಇರುತ್ತಾರೆ, ಮೋಸ ಮಾಡಿದವರು ಅಪರೂಪ ಎಂಬುದು ಆ ಬೆಳಿಗ್ಗೆ ಅವಳ ಮನಸ್ಸಿಗೆ ಬಂತು.

“ಹಿಯರಿಂಗಿಗೆ ಬಾ,” ಅಂದಳು. “ನಿನ್ನ ಮಾತನ್ನ ಅಲ್ಲೂ ಹೀಗೇ ಹೇಳು.”

ಕಲೆಕ್ಟರ್ ಕಚೇರಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಕಲೆಕ್ಟರ್. ಒಂದು ಬದಿಗೆ ತಂದೆತಾಯಿಗಳ ಸಂಘದ ಹೆಂಗಸು. ಇನ್ನೊಂದು ಬದಿಗೆ ಗೋವಿಂದನ್‌ಕುಟ್ಟಿ ಎಂಬ ಸದಸ್ಯ. ಚಿಕ್ಕಂದಿನಲ್ಲೇ ಪೋಲಿಯೋ ಬಂದವನು, ಕುರ್ಚಿಗೆ ಎರಡು ಊರುಗೋಲು ಒರಗಿಸಿಕೊಂಡಿದ್ದ. ಈಚೆ ಲೋನಪ್ಪನ್, ಡೇವಿಸ್, ಸರಸು, ಹಿಂದೆ ವಿಲಾಸಿನಿ. ಸಿಸ್ಟರೊಬ್ಬರು ರೋಸಿಲಿಯನ್ನು ಕರೆತಂದಿದ್ದರು. ಅವಳು ಸರಸುವನ್ನು ಕಂಡದ್ದೇ ಬಂದು ಅವಳ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

ಕಲೆಕ್ಟರ್ ಅಪ್ಪನನ್ನು ಕೇಳಿದರು. ಮಗನನ್ನು ಕೇಳಿದರು. ಡೇವಿಸ್ ಜಗಲಿಯಲ್ಲಿ ಹೇಳಿದ್ದನ್ನೇ ಹೇಳಿದ. ಆದರೂ ಅಣ್ಣನಿರುವಾಗ ಹೊರಗಿನವರು ಯಾಕೆ ಎಂದೂ ಸೇರಿಸಿದ. ಸರಸುವನ್ನು ಕೇಳಿದರು, ವರಮಾನ ಎಷ್ಟು, ಆರೋಗ್ಯ ಹೇಗೆ, ನಿನಗೇ ಏನಾದರೂ ಆದರೆ ಯಾರು. ಎಲ್ಲರೂ ರೋಸಿಲಿಯ ಬಗ್ಗೆ ಮಾತಾಡಿ ಮುಗಿಸಿದರು. ಆಗ ಗೋವಿಂದನ್‌ಕುಟ್ಟಿ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡ.

“ರೋಸಿಲಿ, ಬೆಳಿಗ್ಗೆ ಎದ್ದು ಯಾರ ಜೊತೆ ಚಾಯ ಕುಡಿಯೋಕೆ ಇಷ್ಟ ನಿನಗೆ?”

ಉತ್ತರ ಬರಲಿಲ್ಲ. ಲೋನಪ್ಪನ್ ಸಹಾಯಕ್ಕೆ ಬಾಯಿ ತೆರೆದ. ಗೋವಿಂದನ್‌ಕುಟ್ಟಿ ಕೈಯೆತ್ತಿ ತಡೆದ. “ಇರಿ. ನನಗೆ ಮೆಟ್ಟಿಲು ಹತ್ತೋಕೆ ಹೊತ್ತು ಬೇಕು. ಅವಳಿಗೆ ಮಾತಿಗೆ ಬೇಕು. ಕಾಯೋಣ.”

ಕಾದರು. ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ. ಕಲೆಕ್ಟರ್ ಕೂಡ ಗಡಿಯಾರ ನೋಡಲಿಲ್ಲ.

“ಸರಸೇಚಿ,” ಅಂದಳು ರೋಸಿಲಿ. ಸ್ವಲ್ಪ ತಡೆದು, “ಬಸ್ಸು,” ಅಂದಳು. ಆಮೇಲೆ ಅಣ್ಣನ ಕಡೆ ನೋಡಿ, “ಡೇವಿಸ್ ಭಾನುವಾರ.”

ಡೇವಿಸ್ ತಲೆ ತಗ್ಗಿಸಿದ. ಊರಿನಲ್ಲಿದ್ದಾಗ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಅವನು ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಪೇಟೆಗೆ ಹೋಗುತ್ತಿದ್ದ ಎಂದು ಲೋನಪ್ಪನ್ ಹೊರಗೆ ಬಂದ ಮೇಲೆ ಹೇಳಿದ. ಯಾರನ್ನು ಎಲ್ಲಿ ಇಡಬೇಕೆಂಬುದು ಅವಳಿಗೆ ಸ್ಪಷ್ಟವಾಗಿಯೇ ಇತ್ತು. ಇಷ್ಟು ವರ್ಷ ಕೇಳಿದವರು ಇರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಪ್ರಮಾಣಪತ್ರ ಸರಸುವಿನ ಹೆಸರಿಗೆ ಬಂತು. ಆದರೆ ಕರೆದುಕೊಂಡು ಬಂದು ಇರಿಸಿಕೊಳ್ಳುವುದೆಲ್ಲಿ? ಸರಸುವಿನದು ಒಂದೂವರೆ ಕೋಣೆಯ ಮನೆ. ಮಗ ಸೊಸೆ ಅಲ್ಲೇ ಇದ್ದರು. ಮೊದಲ ಎರಡು ತಿಂಗಳು ರೋಸಿಲಿ ಅವರ ಅಡುಗೆಮನೆಯಲ್ಲಿ ಮಲಗಿದಳು. ಸರಸುವಿನ ಸೊಸೆ ಪಾತ್ರೆ ಕುಕ್ಕತೊಡಗಿದಳು. ಕಾಗದ ಒಂದನ್ನು ಗೆದ್ದ ಮಾತ್ರಕ್ಕೆ ಸೂರು ಬರುವುದಿಲ್ಲ ಎಂದು ವಿಲಾಸಿನಿಗೆ ನಿದ್ದೆ ಕೆಟ್ಟಿತು.

ಒಂದು ಮಧ್ಯಾಹ್ನ ಡೇವಿಸ್ ತಾನಾಗಿಯೇ ಬಂದ. ಕಾರನ್ನು ದೂರದಲ್ಲಿ ನಿಲ್ಲಿಸಿ ನಡೆದುಕೊಂಡು ಬಂದ.

“ಇಪ್ಪತ್ತೆರಡು ಸೆಂಟಿಗೆ ಮಾತಾಗಿದೆ ಚೇಚಿ. ಅದನ್ನ ಮಾರ್ತೀನಿ, ನನಗೆ ಬೇಕು. ಮನೆ ಇರೋ ಆರು ಸೆಂಟ್ ಬಿಟ್ಟಿದ್ದೀನಿ. ರೋಸಿಲಿ ಬದುಕಿರೋ ತನಕ ಅಲ್ಲಿರ್ಲಿ. ಬರೀರಿ.”

ಹೊಸ ಹಾಳೆ ತೆಗೆದ ವಿಲಾಸಿನಿ ಈ ಸಲ ಬರೆಯುವ ಮೊದಲು ಕೇಳತೊಡಗಿದಳು. ಸರಸು ಅವಳ ಜೊತೆ ಅಲ್ಲಿರಬಹುದಾ? ಮಳೆಗಾಲದಲ್ಲಿ ಹಂಚು ಒಡೆದರೆ ಯಾರು ಹಾಕಿಸಬೇಕು? ಸರಸು ಮೊದಲು ಹೋದರೆ? ನೀನೇ ಮೊದಲು ಹೋದರೆ ನಿನ್ನ ಮಕ್ಕಳು ಈ ಮಾತಿಗೆ ಕಟ್ಟುಬೀಳಬೇಕಾ? ಬಾವಿಯ ದಾರಿ ಮಾರುವ ಜಾಗದಲ್ಲಿದೆ, ಅದಕ್ಕೇನು? ಪಾಲಕರ ಕೈಲಿ ಜಾಗ ಬರೆಸಿಕೊಳ್ಳೋಕೆ ಯಾರಾದರೂ ಬಂದರೆ?

“ದಾನ ಕೊಡೋದಕ್ಕಿಂತ ಇದು ಕಷ್ಟ ಕಣ್ರೀ,” ಅಂದ ಡೇವಿಸ್ ಎರಡನೇ ದಿನ.

“ಹೌದು. ಆದ್ರಿಂದಲೇ ಆ ಸಲ ಅರ್ಧ ದಿನಕ್ಕೆ ಮುಗೀತು.”

ಮೂರನೇ ದಿನ ಪತ್ರ ಸಿದ್ಧವಾಯಿತು. ಅವಳು ಮೊದಲು ಅಪ್ಪನಿಗೆ, ಮಗನಿಗೆ ಓದಿ ಹೇಳಿದಳು. ಕೊನೆಗೆ ರೋಸಿಲಿಯ ಪಕ್ಕ ಕೂತು, ಕಾಗದ ಬದಿಗಿಟ್ಟು, “ಇದು ನಿನ್ನ ಮನೆ, ಯಾರೂ ಕಳಿಸೋ ಹಾಗಿಲ್ಲ,” ಎಂದು ನಿಧಾನವಾಗಿ ಹೇಳಿದಳು. ರೋಸಿಲಿ ಚಪ್ಪಲಿ ಬಿಚ್ಚಿ ಬೆಂಚಿನ ಕೆಳಗಿಟ್ಟಳು.

ಇಷ್ಟರ ಮೇಲೆ ವಿಲಾಸಿನಿಯ ಕೆಲಸದ ರೀತಿಯೇ ಬದಲಾಯಿತು. ಯಾವ ಮುದುಕರು ಬಂದರೂ, ಮನೆಯಲ್ಲಿ ಯಾರಿದ್ದಾರೆ, ಯಾರ ಕೈಲಿ ಏನು ಆಗುವುದಿಲ್ಲ, ನಾಳೆ ನಿಮಗೆ ಮಾತು ನಿಂತರೆ ಯಾರನ್ನು ಕೇಳಬೇಕು ಎಂದೆಲ್ಲ ವಿಚಾರಿಸದೆ ಪೆನ್ನು ಮುಟ್ಟುತ್ತಿರಲಿಲ್ಲ. ಮಕ್ಕಳನ್ನು ಆಚೆ ಚಾಯದಂಗಡಿಗೆ ಕಳಿಸಿ ಮುದುಕರೊಬ್ಬರನ್ನೇ ಕೂರಿಸಿಕೊಂಡು ಕೇಳುವಳು. ಕೆಲವರು ಸಿಟ್ಟಾಗಿ ಎದ್ದು ಪಕ್ಕದ ಮೇಜಿಗೆ ಹೋಗುವರು. ಜಗಲಿಯಲ್ಲಿ ಅವಳಿಗೆ ಪೊಲೀಸ್ ಚೇಚಿ ಎಂದು ಹೆಸರು ಬಿತ್ತು, ಇಟ್ಟವನು ಮೊಯ್ದೂಟ್ಟಿಯೇ. ಆದರೆ ಒಂದು ದಿನ, ಮಾತು ಬಾರದ ಮೊಮ್ಮಗನನ್ನು ಜೊತೆಗೆ ಕರೆತಂದ ಮುದುಕಿಯೊಬ್ಬಳು ಅವನ ಮುಂದೆ ಕೂತಾಗ, ಅವನು ತೆರೆದ ಮುಚ್ಚಳವನ್ನು ಮತ್ತೆ ಪೆನ್ನಿಗೆ ಹಾಕಿ, “ಉಮ್ಮಾ, ಇದು ನನ್ನ ಮೇಜಿನ ಕೆಲಸ ಅಲ್ಲ. ತುದೀಲಿರೋ ಪೊಲೀಸಿನ ಹತ್ರ ಹೋಗಿ,” ಅಂದ. ಶನಿವಾರ ಮಧ್ಯಾಹ್ನ ಊರಿನ ವಾಚನಾಲಯದ ಕೋಣೆಯಲ್ಲಿ ಇಂಥವರಿಗಾಗಿಯೇ ಅವಳು ಕೂರತೊಡಗಿದಳು. ಶುಲ್ಕವಿಲ್ಲ. ಮೊದಲ ಶನಿವಾರ ಇಬ್ಬರು ಬಂದರು, ಒಂದು ವರ್ಷದಲ್ಲಿ ಹೊರಗಿನ ಮೆಟ್ಟಿಲ ಮೇಲೂ ಜನ ಕೂರುವಂತಾಯಿತು.

ಲೋನಪ್ಪನ್ ಕೊನೆಯ ಎರಡು ವರ್ಷ ಮಗಳ ಜೊತೆ ಹಳೇ ಮನೆಯಲ್ಲೇ ಇದ್ದ. ಅವನು ಗಟ್ಟಿಯಾಗಿರುವಾಗಲೇ ವಿಲಾಸಿನಿ ಅವನ ಪಿಂಚಣಿಯ ಕಾಗದದಲ್ಲಿ ರೋಸಿಲಿಯ ಹೆಸರು ಸೇರಿಸಿದಳು, ಅಂಗವಿಕಲ ಮಗಳಿಗೆ ಜೀವವಿರುವವರೆಗೂ ಬರುವ ಹಾಗೆ. ಅವಳ ವೈದ್ಯಕೀಯ ಕಾಗದ, ಯಾವ ಮಾತ್ರೆ ಯಾವ ಹೊತ್ತಿಗೆ, ಯಾವುದಕ್ಕೆ ಹೆದರುತ್ತಾಳೆ, ಯಾವ ಸಾರು ತಿನ್ನುವುದಿಲ್ಲ, ಎಲ್ಲವನ್ನೂ ಅವನ ಬಾಯಿಂದ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸರಸುವಿಗೆ ಕೊಟ್ಟಳು. ಕರ್ಕಾಟಕ ಮಾಸದ ಮಳೆಯಲ್ಲಿ ಅವನು ಹೋದ. ಮಾಡಬೇಕಾದ್ದೆಲ್ಲ ಮಾಡಿಯಾಗಿತ್ತು, ಹಾಗಾಗಿ ಆ ಮನೆಯಲ್ಲಿ ದುಃಖ ಒಂದೇ ಇತ್ತು, ಗಾಬರಿ ಇರಲಿಲ್ಲ. ಏಳನೇ ದಿನ ಡೇವಿಸ್ ತಂಗಿಯನ್ನು ಸಮಾಧಿಗೆ ಕರೆದುಕೊಂಡು ಹೋಗಿ ಮೇಣದ ಬತ್ತಿ ಹಚ್ಚಿಸಿದ. ಅಲ್ಲಿಂದ ಮುಂದೆ ಭಾನುವಾರಗಳಲ್ಲಿ ಬರತೊಡಗಿದ. ಎಲ್ಲ ಭಾನುವಾರವೂ ಅಲ್ಲ. ಬಾರದ ವಾರ ರೋಸಿಲಿ ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

ಅದರ ಮಾರನೇ ವರ್ಷ ಚುನಾವಣೆ. ಮತದಾನದ ಹಿಂದಿನ ಶನಿವಾರ ಸರಸು ವಾಚನಾಲಯಕ್ಕೆ ಬಂದು ಅಳುಕುತ್ತ ಕೇಳಿದಳು.

“ಚೇಚಿ, ಅವಳ ಹೆಸರಿಗೂ ಚೀಟಿ ಬಂದಿದೆ. ಬೂತಿನ ಹುಡುಗ್ರು ನಗ್ತಾರೆ. ಪಾಲಕಿ ನಾನಿದ್ದೀನಲ್ಲ, ಅವಳ ವೋಟನ್ನೂ ನಾನೇ ಹಾಕ್ಬೇಕಾ? ಇಲ್ಲಾ ಅವಳು ಹೋಗೋದೇ ಬೇಡವಾ?”

ವಿಲಾಸಿನಿಗೂ ಖಚಿತವಿರಲಿಲ್ಲ. ಚುನಾವಣಾ ಕಚೇರಿಗೆ ಹೋಗಿ ವಿಚಾರಿಸಿ ಬಂದಳು. ಪಟ್ಟಿಯಲ್ಲಿ ಹೆಸರಿದ್ದರೆ, ನ್ಯಾಯಾಲಯ ತೆಗೆದುಹಾಕದಿದ್ದರೆ, ಯಾರೂ ತಡೆಯುವಂತಿಲ್ಲ ಎಂದು ಅಲ್ಲಿ ಹೇಳಿದರು.

“ಅವಳಿಗೆ ಆಗದ್ದನ್ನ ಮಾಡೋಕೆ ನೀನು ಪಾಲಕಿ,” ಅಂದಳು ಸರಸುವಿಗೆ. “ಆಗೋದನ್ನ ಕಿತ್ಕೊಳ್ಳೋಕಲ್ಲ. ಗುಂಡಿ ಒತ್ತೋದು ಅವಳಿಗೆ ಬರಲ್ವಾ?”

“ರಿಮೋಟು ಇಡೀ ದಿನ ಅವಳ ಕೈಲೇ ಇರುತ್ತೆ,” ಅಂದಳು ಸರಸು.

ಮತದಾನದ ದಿನ ಶಾಲೆಯ ಅಂಗಳದ ಸಾಲಿನಲ್ಲಿ ಮೂವರೂ ನಿಂತರು. ರೋಸಿಲಿ ಹೊಸ ಚೂಡಿದಾರ ಹಾಕಿಕೊಂಡಿದ್ದಳು. ಮೂರು ಪಕ್ಷದ ಹುಡುಗರೂ ಗುಸುಗುಸು ಮಾಡಿದರು, ಚುನಾವಣಾ ಅಧಿಕಾರಿ ಪಟ್ಟಿ ನೋಡಿ ಗೆರೆ ಎಳೆದು ಒಳಗೆ ಬಿಟ್ಟರು. ರಟ್ಟಿನ ಮರೆಯ ಹಿಂದೆ ಅವಳು ಹೋದವಳು ಬರಲೇ ಇಲ್ಲ. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಸರಸು ಒಳಗೆ ಹೆಜ್ಜೆ ಇಡಲು ಹೋದಳು, ವಿಲಾಸಿನಿ ಅವಳ ತೋಳು ಹಿಡಿದು ನಿಲ್ಲಿಸಿದಳು. ಕೊನೆಗೆ ಯಂತ್ರ ಉದ್ದಕ್ಕೆ ಒಮ್ಮೆ ಕೂಗಿತು. ರೋಸಿಲಿ ಹೊರಗೆ ಬಂದಳು, ಶಾಯಿ ಹಚ್ಚಿದ ಬೆರಳನ್ನು ಎದೆಯ ಹತ್ತಿರ ನೆಟ್ಟಗೆ ಹಿಡಿದುಕೊಂಡಿದ್ದಳು.

“ಯಾರಿಗೆ ಹಾಕ್ದ್ಯೇ?” ಎಂದಳು ಸರಸು, ತಡೆಯಲಾರದೆ.

ರೋಸಿಲಿ ಯೋಚಿಸಿದಳು. ಇಬ್ಬರೂ ಕಾದರು.

“ಹೇಳಲ್ಲ,” ಅಂದಳು. ಬಸ್ ಸ್ಟಾಪಿನ ಕಡೆಗೆ ಹೆಜ್ಜೆ ಹಾಕಿದಳು.